ಹೆಗಡೆಯವರ ವಿಮಾನ: ಗುಡಿಗಾರರು ಕೆತ್ತಿದ ಜೋಡಿ

“ಕೊಟ್ಟಿದ್ದು ಒಂದು, ವಾಪಸ್ ತಗೊಂಡು ಹೋಗಿದ್ದು ಎರಡು. ಹಳೇದೂ ಕೊಟ್ಟೆ, ಹೊಸದೂ ಕೊಟ್ಟೆ. ಇನ್ನೆಷ್ಟು ಸಲ ಹೇಳ್ಲಿ ಮೇಡಂ?”

ತಮ್ಮ ಕೆತ್ತನೆ ಕೊಟ್ಟಿಗೆಯಲ್ಲಿ ಕೂತಿದ್ದ ಶಿವರಾಮ ಗುಡಿಗಾರರು ಇಷ್ಟು ಹೇಳಿ ಮತ್ತೆ ನೆಲ ನೋಡತೊಡಗಿದರು. ಒಂದು ಗಂಟೆಯಿಂದ ಇದೇ ಮಾತು, ಇದೇ ನೆಲ. ನನಗೆ ತಾಳ್ಮೆ ಅನ್ನುವುದು ಹುಟ್ಟಿನಿಂದಲೇ ಕಮ್ಮಿ. ಇದ್ದಷ್ಟನ್ನೂ ಹನ್ನೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಖರ್ಚು ಮಾಡಿ, ಈಗ ಸಾಗರದ ಒಂದು ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ‘ಸುಪ್ರಿಯಾ ಪತ್ತೆ ಕಚೇರಿ’ ಎಂದು ಬೋರ್ಡು ಹಾಕಿಕೊಂಡು ಕೂತಿದ್ದೇನೆ.

ದೂರು ಇಷ್ಟೇ. ಹೊಸನಗರದ ಶ್ರೀರಂಗ ಹೆಗಡೆಯವರು ಗುಟ್ಟಾಗಿ ಕೊಂಡ ತೊಂಬತ್ತು ವರ್ಷದ ಹಳೆಯ ವಿಮಾನದ ಮರದ ಪ್ರೊಪೆಲ್ಲರನ್ನು, ಅಂದರೆ ಮೂತಿಯಲ್ಲಿ ತಿರುಗುವ ರೆಕ್ಕೆಯನ್ನು, ನಕಲು ಮಾಡಿಕೊಡಲು ತೆಗೆದುಕೊಂಡ ಶಿವರಾಮರು ಎರಡು ನಕಲು ಮಾಡಿ ಕೊಟ್ಟು ಅಸಲನ್ನು ಮಾರಿಕೊಂಡಿದ್ದಾರಂತೆ. ಸಂಜೆ ಐದರೊಳಗೆ ಅಸಲು ಸಿಗದಿದ್ದರೆ ಎಫ್‌ಐಆರ್ ಎಂದು ಸಬ್ ಇನ್ಸ್‌ಪೆಕ್ಟರ್ ತೀರ್ಥೇಶ್ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದರು. ಈಗಾಗಲೇ ಗಂಟೆ ಎರಡಾಗಿತ್ತು.

“ಅಪ್ಪ ಹತ್ತು ದಿನದಿಂದ ಉಳಿ ಮುಟ್ಟಿಲ್ಲ ಮೇಡಂ,” ಎಂದಳು ಮಗಳು ಆಶಾ. ನನ್ನನ್ನು ಈ ಕೆಲಸಕ್ಕೆ ಕರೆದವಳು ಅವಳೇ. “ಊಟಕ್ಕೆ ಕೂತ್ರೂ ಅನ್ನ ಕಲಸ್ತಾರೆ ಅಷ್ಟೇ. ಜೈಲಿಗೆ ಹೋಗೋದು ದೊಡ್ಡದಲ್ಲ, ಕಳ್ಳ ಅನ್ನಿಸ್ಕೊಂಡು ಹೆಂಗೆ ಬದುಕ್ಲಿ ಅಂತಾರೆ.”

ಅದು ನನಗೂ ಗೊತ್ತಿತ್ತು. ಅವರ ಮುಖ ನೋಡಲು ಕಷ್ಟವಾಗುತ್ತಿತ್ತು. ಹಾಗಾದಾಗ ಕೈ ಸುಮ್ಮನಿರದೆ ಏನನ್ನಾದರೂ ಎತ್ತಿ ನೋಡುವುದು ನನ್ನ ಅಭ್ಯಾಸ. ಬೆಂಚಿನ ಮೇಲಿದ್ದ ಎರಡು ಮರದ ಆನೆಗಳನ್ನು ಎತ್ತಿಕೊಂಡೆ. ಒಂದು ಪೂರ್ತಿಯಾಗಿತ್ತು, ಇನ್ನೊಂದು ಮುಕ್ಕಾಲು.

“ಅಲ್ಲ, ಇದರ ಸೊಂಡಿಲು ಎಡಕ್ಕಿದೆ, ಇದರದ್ದು ಬಲಕ್ಕೆ. ಎರಡೂ ಒಂದೇ ಥರ ಬರ್ಲಿಲ್ವಲ್ಲ?”

ಹತ್ತು ದಿನದಿಂದ ಸತ್ತಂತಿದ್ದ ಮನುಷ್ಯ ಆ ಮಾತಿಗೆ ತಲೆ ಎತ್ತಿದರು. ಕಳ್ಳ ಅಂದಾಗಲೂ ಬರದ ಸಿಟ್ಟು ಈಗ ಬಂದಿತ್ತು.

“ಎಂತ ಮಾತು ಆಡ್ತೀರಿ! ಬಾಗಿಲಿಗೆ ಜೋಡಿ ಅಂದ ಮೇಲೆ ಎದುರುಬದುರು ಮುಖ ಇರ್ಬೇಕು. ಎರಡೂ ಒಂದೇ ಕಡೆ ನೋಡಿದ್ರೆ ಬಂದೋರನ್ನ ಒಂದು ಕರೀತದೆ, ಇನ್ನೊಂದು ಬೆನ್ನು ತೋರಿಸ್ತದೆ. ದ್ವಾರಪಾಲಕ ಮಾಡ್ಲಿ, ಗಿಳಿ ಮಾಡ್ಲಿ, ನಮ್ಮಲ್ಲಿ ಎರಡನೇದನ್ನ ತಿರುವಿ ಹಾಕಿಯೇ ಕೆತ್ತೋದು.”

“ಯಾವಾಗ್ಲೂ?”

“ಬಾಗಿಲ ಕೆಲಸ ಅಂದ್ರೆ ಯಾವಾಗ್ಲೂ. ಕೈ ತಾನಾಗೇ ಹಂಗೆ ಹೋಗ್ತದೆ.”

ನನ್ನ ಕೈಯಲ್ಲಿದ್ದ ಆನೆಯನ್ನು ಮೆಲ್ಲಗೆ ಕೆಳಗಿಟ್ಟೆ.

“ಶಿವರಾಮಣ್ಣ, ಹೆಗಡೇರು ರೆಕ್ಕೆ ತಂದುಕೊಟ್ಟಾಗ ಎಂತಕ್ಕೆ ಅಂತ ಹೇಳಿದ್ರು?”

“ಮನೆ ಹಾಲಿನ ಬಾಗಿಲ ಆಚೆ ಒಂದು, ಈಚೆ ಒಂದು ನಿಲ್ಲಿಸ್ತೀನಿ ಅಂದಿದ್ರು. ಆಮೇಲೆ ಮನಸ್ಸು ಬದಲಾಯ್ತಂತೆ. ಹಳೇದನ್ನ ವಿಮಾನಕ್ಕೇ ಹಾಕ್ಸಿ, ನಾನು ಮಾಡಿದ್ದನ್ನ ಗೋಡೆಗೆ ತೂಗು ಹಾಕಿದ್ರಂತೆ. ಅಷ್ಟೊತ್ತಿಗೆ ನನ್ನ ಕೆಲಸ ಮುಗಿದಿತ್ತು.”

“ನೋಡೋಕೆ ಎರಡೂ ಒಂದೇ ಥರ ಇದ್ವಾ?”

“ಇರದೆ ಮತ್ತೆ? ಜೋಡಿಗೆ ಬಣ್ಣ ಒಂದೇ ಇರ್ಬೇಕು. ಹಳೇದಕ್ಕೂ ಎಣ್ಣೆ ಕೊಟ್ಟು ಹೊಸದರ ಸಮಕ್ಕೆ ತಂದೆ. ನಡುಮಧ್ಯದ ಹಿತ್ತಾಳೆ ತಟ್ಟೆ ಬಿಚ್ಚಬೇಡಿ ಅಂದಿದ್ರು, ಬಿಚ್ಚಲಿಲ್ಲ. ಅದೇ ಅಳತೆಗೆ ಇನ್ನೊಂದು ತಟ್ಟೆ ಮಾಡ್ಸಿ ಹೊಸದಕ್ಕೆ ಹೊಡೆದೆ.”

“ಏಳಿ,” ಎಂದೆ. “ಅಂಗಿ ಹಾಕ್ಕೊಳ್ಳಿ. ಹೊಸನಗರಕ್ಕೆ ಹೋಗೋಣ.”

“ಪೊಲೀಸರ ಹತ್ರಾನಾ?” ಆಶಾ ಗಾಬರಿಯಾದಳು.

“ಹೆಗಡೇರ ಮನೆಗೆ. ನೀನು ಅಪ್ಪಂಗೆ ರಾತ್ರಿಗೆ ಏನಾದ್ರೂ ಒಳ್ಳೇದು ಮಾಡಿಡು. ಇವತ್ತು ಉಣ್ತಾರೆ.”

ಹೇಳಿಬಿಟ್ಟೆ. ಊಹೆ ತಪ್ಪಿದರೆ ಆ ಹುಡುಗಿಗೆ ಯಾವ ಮುಖ ತೋರಿಸಲಿ?

*

ಮಾಸ್ತಪ್ಪಣ್ಣನ ಓಮ್ನಿಯಲ್ಲಿ ಹೊರಟೆವು. ಮಾಸ್ತಪ್ಪಣ್ಣನಿಗೆ ಅರವತ್ತೆರಡು. ನನ್ನ ಡ್ರೈವರ್ ಎಂದು ಹೇಳಿಕೊಳ್ಳುತ್ತಾನೆ, ಆದರೆ ನನಗೆ ಬುದ್ಧಿ ಹೇಳುವುದೇ ಅವನ ಮುಖ್ಯ ಕೆಲಸ.

“ತಂಗೀ, ಊಹೆ ಏನು ಅಂತ ನಂಗೂ ಹೇಳು. ಪೆಟ್ರೋಲ್ ನಂದು.”

“ನಿನ್ನ ಚಪ್ಪಲಿ ನೋಡ್ಕೋ. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಎಡಗಾಲಿಂದನ್ನ ಬಲಗಾಲಿಗೆ ಹಾಕ್ಕೊಂಡು ಓಡ್ತೀಯಾ?”

“ಬೀಳ್ತೀನಿ.”

“ಹಂಗಾದ್ರೆ ರೆಕ್ಕೇನೂ ಅಷ್ಟೇ.”

ಅವನಿಗೆ ಅರ್ಥವಾಗಲಿಲ್ಲ, ಆದರೆ ಆಯಿತು ಎಂದು ತಲೆ ಆಡಿಸಿದ. ಹಿಂದಿನ ಸೀಟಿನಲ್ಲಿ ಶಿವರಾಮರು ಕಿಟಕಿಯಾಚೆ ನೋಡುತ್ತಿದ್ದರು. ಫೆಬ್ರವರಿಯ ಬಿಸಿಲು. ಕೊಯ್ಲಾದ ಗದ್ದೆಗಳಲ್ಲಿ ದನ ಮೇಯುತ್ತಿದ್ದವು.

ದಾರಿಯ ಬಟ್ಟೆಮಲ್ಲಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. ಹೋಟೆಲಿನಲ್ಲಿ ವಿಮಾನದ್ದೇ ಮಾತು. ಎರಡು ತಿಂಗಳಿಂದ ಈ ಸೀಮೆಯಲ್ಲಿ ಬೇರೆ ಸುದ್ದಿಯೇ ಇಲ್ಲ. ಲಂಡನ್ನಿನ ಹರಾಜಿನಲ್ಲಿ ಅಪರೂಪದ ಹಳೆಯ ವಿಮಾನವೊಂದನ್ನು ಹೆಸರು ಹೇಳದ ಭಾರತೀಯನೊಬ್ಬ ಕೊಂಡ ಎಂದು ಪೇಪರಿನಲ್ಲಿ ಬಂದಿತ್ತು. ಅದೇ ವಾರ ಹೆಗಡೆಯವರ ಹಳೆಯ ಅಕ್ಕಿ ಗಿರಣಿಗೆ ಹಾಡಹಗಲೇ ಎರಡು ಕಂಟೇನರ್ ಲಾರಿ ಬಂದವು. ಜನಕ್ಕೆ ಅಷ್ಟು ಸಾಕು.

“ಅದು ಮಹಾರಾಜರ ಕಾಲದ್ದಂತೆ. ಸೀಟಿಗೆ ಬೆಳ್ಳಿ ಹೊದಿಸಿದಾರಂತೆ.”

“ಬೆಳ್ಳಿ ಎಂತದೂ ಇಲ್ಲ ಮಾರಾಯ. ಹೆಗಡೇರು ಲಿಂಗನಮಕ್ಕಿ ಹಿನ್ನೀರಿನ ಮೇಲೆ ಟೂರಿಸ್ಟ್‌ಗಳನ್ನ ಹಾರಿಸ್ತಾರಂತೆ. ತಲೆಗೆ ಐದು ಸಾವಿರ.”

“ಥೂ, ಅವರಿಗೆ ದುಡ್ಡು ಯಾಕೆ? ಆ ಮನುಷ್ಯಂಗೆ ಹಳೇ ಕಾರು ಹದಿನಾಲ್ಕು ಇದಾವೆ, ಒಂದನ್ನೂ ಓಡ್ಸಲ್ಲ. ವಿಮಾನಾನೂ ಒರೆಸಿ ಒರೆಸಿ ಇಡ್ತಾರೆ, ನೋಡ್ತಿರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಗಲ್ಲಾದ ಹತ್ತಿರ ಕೂತವನೊಬ್ಬ ಶಿವರಾಮರನ್ನು ದಿಟ್ಟಿಸಿ, ಪಕ್ಕದವನ ಕಿವಿಯಲ್ಲಿ ಏನೋ ಅಂದ. ಪಿಸುಮಾತು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. “ಇವನೇ ಅಲ್ವಾ, ರೆಕ್ಕೆ ಕದ್ದೋನು?” ಎಂದು ಯಾರೋ ಸ್ವಲ್ಪ ಜೋರಾಗಿಯೇ ಕೇಳಿದರು.

ಶಿವರಾಮರು ಚಹಾ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಹೋದರು.

ನನಗೆ ತಡೆಯಲಾಗಲಿಲ್ಲ. “ಕದ್ದಿದ್ದನ್ನ ನೀವು ನೋಡಿದ್ರಾ? ನೋಡಿದ್ರೆ ಬನ್ನಿ, ಗಾಡೀಲಿ ಜಾಗ ಇದೆ, ಪೊಲೀಸರ ಮುಂದೆ ಹೇಳಿ. ಇಲ್ಲಾಂದ್ರೆ ಬಾಯಿಗೆ ಒಂದು ಬನ್ ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ!” ಎಂದು ರೇಗಿದೆ. ಚಹಾದ ದುಡ್ಡು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಗಾಡಿಯಲ್ಲಿ ಶಿವರಾಮರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಸ್ತಪ್ಪಣ್ಣ ಹೊಸನಗರದ ತನಕ ಗಾಡಿ ಎಲ್ಲೂ ನಿಲ್ಲಿಸಲಿಲ್ಲ.

*

ಹೆಗಡೆಯವರ ಮನೆ ಗಿರಣಿಗೆ ಅಂಟಿಕೊಂಡೇ ಇದೆ. ಬಾಗಿಲು ತೆಗೆದವರು ಅವರ ಅಕ್ಕ ವೇದಾವತಿ. ಎಪ್ಪತ್ತೆಂಟರ ಹೆಂಗಸು, ಬಿಳಿ ಜಡೆ, ನಗುವ ಕಣ್ಣು. ನಾನು ಮೂರನೇ ಸಲ ಬರುತ್ತಿದ್ದರೂ ಪ್ರತಿ ಸಲವೂ ಹೊಸ ನೆಂಟರು ಬಂದ ಹಾಗೆ ಸಂಭ್ರಮಿಸುತ್ತಿದ್ದರು.

“ಬಾರೇ ತಂಗಿ. ಬಿಸಿಲಲ್ಲಿ ಬಂದೆ, ಒಂದು ಲೋಟ ಕಷಾಯ ಕುಡಿ ಮೊದ್ಲು.” ಆಮೇಲೆ ಒಳಗೆ ತಿರುಗಿ, ನಾನು ಬಂದಿದ್ದನ್ನು ತಮ್ಮನಿಗೆ ಕೂಗಿ ಹೇಳಿದರು, “ತಮ್ಮಾ, ಪತ್ತೇದಾರಿ ಕೂಸು ಬೈಂದು ನೋಡು!”

ಶ್ರೀರಂಗ ಹೆಗಡೆಯವರು ಬಂದರು. ಎತ್ತರದ ಆಳು, ಅಚ್ಚುಕಟ್ಟು ಪಂಚೆ, ಮಾತು ತೂಕ ಹಾಕಿ ಆಡುವ ಜಾತಿ. ಶಿವರಾಮರನ್ನು ಕಂಡು ಮುಖ ಗಂಟಿಕ್ಕಿದರು.

“ಇವರನ್ನ ಯಾಕೆ ಕರ್ಕೊಂಡು ಬಂದ್ರಿ?”

“ನಿಮ್ಮ ಅಸಲು ಪ್ರೊಪೆಲ್ಲರ್ ತೋರ್ಸೋಕೆ ಹೆಗಡೇರೇ.”

“ಎಲ್ಲಿದೆ?”

“ನಿಮ್ಮ ತಲೆ ಮೇಲೆ.”

ಅವರು ತಿರುಗಿ ನೋಡಿದರು. ಹಾಲಿನ ಬಾಗಿಲ ಪಕ್ಕ, ಗೋಡೆಯ ಮೇಲೆ, ಆಳೆತ್ತರದ ಮರದ ರೆಕ್ಕೆ ಮಿರಿಮಿರಿ ಹೊಳೆಯುತ್ತಿತ್ತು.

“ತಮಾಷೆ ಬೇಡ ಸುಪ್ರಿಯಾ. ಅದು ಇವರು ಕೆತ್ತಿದ ನಕಲು. ವಿಮಾನಕ್ಕೆ ಹಾಕಿದ್ದೂ ನಕಲು ಅಂತ ಬೆಂಗಳೂರಿನ ತಜ್ಞರು ಮರದ ಚೂರು ನೋಡಿ ಹೇಳಿದಾರೆ. ಈಗಿನ ಮರ ಅಂತೆ.”

“ಗೋಡೆ ಮೇಲಿಂದು ನೋಡಿದ್ರಾ ಅವರು?”

“ಗೋಡೆ ಮೇಲಿಂದು ನಕಲು ಅಂತ ಗೊತ್ತೇ ಇದೆಯಲ್ಲ. ಅದನ್ನ ಯಾಕೆ ನೋಡ್ಬೇಕು?”

“ಅದೇ ನೋಡಿ!” ನನ್ನ ದನಿ ಏರಿತು. “ಎಲ್ಲರಿಗೂ ಗೊತ್ತೇ ಇತ್ತು. ಅದಕ್ಕೇ ಯಾರೂ ನೋಡ್ಲಿಲ್ಲ. ಹೋಗ್ಲಿ, ವಿಮಾನಕ್ಕೆ ರೆಕ್ಕೆ ಕೂರ್ಸಿದ್ದು ಯಾರು?”

“ಹರ್ಷ. ನಮ್ಮ ಮೆಕ್ಯಾನಿಕ್.”

“ಕರೀರಿ.”

ಹರ್ಷವರ್ಧನ ಗಿರಣಿಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಕಾರ್ಗಲ್ಲಿನವನು, ನಲವತ್ತರ ಆಸುಪಾಸು. ಅಪ್ಪ ಪವರ್ ಹೌಸಿನಲ್ಲಿದ್ದವರು, ಇವನು ಟರ್ಬೈನ್ ಸದ್ದು ಕೇಳಿಕೊಂಡೇ ಬೆಳೆದವನು. ಅದೇ ಹೊತ್ತಿಗೆ ಸಬ್ ಇನ್ಸ್‌ಪೆಕ್ಟರ್ ತೀರ್ಥೇಶರ ಜೀಪೂ ಅಂಗಳಕ್ಕೆ ಬಂತು. ಗಂಟೆ ನಾಲ್ಕೂಕಾಲು. ಕೈಯಲ್ಲಿ ದೂರಿನ ಹಾಳೆ ಹಿಡಿದೇ ಇಳಿದರು.

“ಹರ್ಷಣ್ಣ, ಗುಡಿಗಾರರ ಹತ್ರದಿಂದ ಎರಡೂ ಬಂದಾಗ ಹಳೇದು ಯಾವ್ದು, ಹೊಸದು ಯಾವ್ದು ಅಂತ ಹೆಂಗೆ ಕಂಡುಹಿಡಿದ್ರಿ?”

“ಕಣ್ಣಿಗೆ ಗೊತ್ತಾಗ್ಲಿಲ್ಲ ಮೇಡಂ, ಪಾಲಿಶ್ ಒಂದೇ ಥರ ಇತ್ತು. ಅದಕ್ಕೆ ಒಂದನ್ನ ಹಾಕಿ ಇಂಜಿನ್ ಸ್ಟಾರ್ಟ್ ಮಾಡ್ದೆ. ವಿಮಾನ ಹಿಂದಕ್ಕೆ ಜಗ್ತು! ಅದನ್ನ ತೆಗೆದು ಇನ್ನೊಂದನ್ನ ಹಾಕ್ದೆ. ಮುಂದಕ್ಕೆ ಎಳೀತು. ಮುಂದೆ ಎಳೆಯೋದೇ ಒರಿಜಿನಲ್ ಅಲ್ವಾ? ಅದನ್ನ ಬಿಟ್ಟೆ. ಹಿಂದೆ ಜಗ್ಗಿದ್ದನ್ನ ಗೋಡೆಗೆ ಕೊಟ್ಟೆ. ನಕಲು ಮಾಡೋವಾಗ ಗುಡಿಗಾರ್ರು ಎಡವಿದಾರೆ ಅಂದ್ಕೊಂಡೆ.”

“ಇದನ್ನ ಯಾರಿಗೂ ಹೇಳ್ಲಿಲ್ವಾ?” ಹೆಗಡೆಯವರು ಕೇಳಿದರು.

“ಯಾರೂ ಕೇಳ್ಲಿಲ್ಲ ಸಾರ್.”

ಮಾಸ್ತಪ್ಪಣ್ಣ ಹಣೆ ಚಚ್ಚಿಕೊಂಡ. ನಾನು ಶಿವರಾಮರನ್ನು ಮುಂದಕ್ಕೆ ತಂದೆ. “ಹೇಳಿ ಅಣ್ಣ. ಬಾಗಿಲಿಗೆ ಜೋಡಿ ಅಂದ್ರೆ ಎರಡನೇದನ್ನ ಹೆಂಗೆ ಕೆತ್ತೀರಿ?”

“ತಿರುವಿ,” ಎಂದರು ಶಿವರಾಮರು. ಅಂದ ಮೇಲೆಯೇ ಅವರಿಗೂ ಹೊಳೆಯಿತು. “ಅಯ್ಯೋ ದೇವ್ರೇ. ಇದು ಬಾಗಿಲ ಅಲಂಕಾರಕ್ಕೆ ಅಂತ ನಾನು ಇದನ್ನೂ ಹಂಗೇ ತಿರುವಿ ಕೆತ್ತಿದೆ!”

“ಒಂದು ಎಡಕ್ಕೆ, ಒಂದು ಬಲಕ್ಕೆ. ಹರ್ಷಣ್ಣ ಮುಂದೆ ಎಳೆದದ್ದನ್ನ ಅಸಲು ಅಂದ್ರು, ನೀವೂ ಅದನ್ನೇ ನಂಬಿ ಅಸಲನ್ನ ಗೋಡೆಗೆ ಹಾಕಿದ್ರಿ. ಈಗ ಎರಡರದ್ದೂ ಹಿತ್ತಾಳೆ ತಟ್ಟೆ ಬಿಚ್ಚಿಸಿ, ಒಳಗೆ ನೋಡೋಣ.”

ಹೆಗಡೆಯವರು ಅಕ್ಕನ ಕಡೆ ನೋಡಿದರು. ವೇದಾವತಿಯವರ ನಗು ಯಾಕೋ ಅಲ್ಲೇ ನಿಂತಿತ್ತು. “ಬಿಚ್ಚಿದ್ರೆ ಮರ ಸೀಳ್ತು. ಎಂತಕ್ಕೆ ಬೇಕು?” ಎಂದರು.

“ಒಬ್ಬ ಮನುಷ್ಯನ ಮರ್ಯಾದೆ ಸೀಳ್ತಾ ಇದೆಯಲ್ಲಮ್ಮ,” ಎಂದೆ. ಸ್ವಲ್ಪ ಒರಟಾಯಿತು, ಆದರೆ ಪಶ್ಚಾತ್ತಾಪವೇನೂ ಆಗಲಿಲ್ಲ.

“ಬಿಚ್ಚು ಹರ್ಷ,” ಎಂದರು ಹೆಗಡೆಯವರು.

*

ಗೋಡೆಯ ರೆಕ್ಕೆಯನ್ನು ಇಳಿಸಿ ಗಿರಣಿಗೆ ಒಯ್ದೆವು. ಟಾರ್ಪಾಲು ಸರಿಸಿದಾಗ ವಿಮಾನವನ್ನು ಮೊದಲ ಸಲ ಪೂರ್ತಿ ನೋಡಿದೆ. ಮೇಲೊಂದು ಕೆಳಗೊಂದು ಬಟ್ಟೆಯ ರೆಕ್ಕೆ, ಇಬ್ಬರು ಕೂರುವಷ್ಟು ಹೊಟ್ಟೆ. ಇಷ್ಟು ಚಿಕ್ಕದಾ ಅನ್ನಿಸಿತು. ಇಷ್ಟು ಚಂದವಾ ಅಂತಲೂ ಅನ್ನಿಸಿತು.

ಹರ್ಷ ಮೊದಲು ವಿಮಾನದ ಮೂತಿಯಲ್ಲಿದ್ದ ರೆಕ್ಕೆಯ ತಟ್ಟೆ ಬಿಚ್ಚಿದ. ಒಳಗೆ ತಿಳಿಹಳದಿಯ ಹೊಸ ಮರ, ಅದರಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಗಿಳಿ.

“ಇದು ನಂದು,” ಎಂದರು ಶಿವರಾಮರು. “ಕಾಣದ ಜಾಗದಲ್ಲಿ ಗಿಳಿ ಕೆತ್ತೋದು ನಮ್ಮ ಮನೆ ಗುರುತು.”

ಆಮೇಲೆ ಗೋಡೆಯದ್ದು. ತಟ್ಟೆಯ ಸ್ಕ್ರೂಗಳು ತುಕ್ಕು ಹಿಡಿದು ಕೂತಿದ್ದವು. ಕಾಲು ಗಂಟೆ ಗುದ್ದಾಡಿದ ಮೇಲೆ ತಟ್ಟೆ ಕಳಚಿತು. ಒಳಗೆ ಕರೀ ಗ್ರೀಸು ಗಟ್ಟಿಯಾಗಿ, ಗಾರೆಯ ಹಾಗೆ ಕೂತಿತ್ತು. ತೀರ್ಥೇಶ್ ಉಗುರಿನಿಂದ ಕೆರೆದು ಮೂಸಿ ನೋಡಿದರು.

“ಇದು ನಿನ್ನೆ ಮೊನ್ನೆಯ ಗ್ರೀಸಲ್ಲ ಬಿಡಿ. ನನ್ನ ತಾತನ ವಯಸ್ಸಿದೆ ಇದಕ್ಕೆ. ಹೆಗಡೇರೇ, ನಿಮ್ಮ ಹಳೇ ರೆಕ್ಕೆ ಸಿಕ್ತು. ಕಳವೂ ಇಲ್ಲ, ಕಳ್ಳನೂ ಇಲ್ಲ. ದೂರು ವಾಪಸ್ ತಗೊಳ್ತೀರಾ?”

ಹೆಗಡೆಯವರು ಶಿವರಾಮರ ಮುಂದೆ ಹೋಗಿ ನಿಂತರು. ಎರಡೂ ಕೈ ಜೋಡಿಸಿದರು.

“ತಪ್ಪಾಯ್ತು ಗುಡಿಗಾರ್ರೇ. ನಾನು ಕೇಳ್ಬೇಕಿತ್ತು. ಕೇಳದೆ ದೂರು ಕೊಟ್ಟೆ.”

ಶಿವರಾಮರು ಆ ಕೈಗಳನ್ನು ಹಿಡಿದುಕೊಂಡರು. ಆದರೆ ಅವರ ಗಮನ ಬೇರೆಲ್ಲೋ ಇತ್ತು. “ಅಲ್ಲ ಹೆಗಡೇರೇ, ನಾನು ಕೆತ್ತಿದ್ದು ಇಂಜಿನ್ನಿಗೆ ಹಾಕಿದ್ರೆ ನಿಜವಾಗ್ಲೂ ತಿರುಗ್ತದಾ?”

“ಹರ್ಷ, ತೋರ್ಸು.”

ಹರ್ಷ ತಟ್ಟೆಯನ್ನು ಮತ್ತೆ ಬಿಗಿದು, ಚಕ್ರಗಳಿಗೆ ಮರದ ತುಂಡು ಕೊಟ್ಟು, ರೆಕ್ಕೆಯನ್ನು ಕೈಯಿಂದ ಎರಡು ಸಲ ಎಳೆದ. ಮೂರನೇ ಸಲಕ್ಕೆ ಇಂಜಿನ್ ಕೆಮ್ಮಿ ಹತ್ತಿಕೊಂಡಿತು. ಅಬ್ಬಾ, ಏನು ಗಾಳಿ! ಗಿರಣಿಯ ಹಳೆಯ ತೌಡೆಲ್ಲ ಎದ್ದು ಹಿಂದಕ್ಕೆ ಹಾರಿತು, ತೀರ್ಥೇಶರ ಟೋಪಿ ಹೋಯಿತು, ಮಾಸ್ತಪ್ಪಣ್ಣ ಕಂಬ ಹಿಡಿದುಕೊಂಡ. ವಿಮಾನ ಮುಂದೆ ಹೋಗಲು ಒದ್ದಾಡುತ್ತಿತ್ತು. ಶಿವರಾಮರು ಮಗುವಿನ ಹಾಗೆ ಬಾಯಿ ತೆರೆದು ನಗುತ್ತಿದ್ದರು. ಕಣ್ಣಲ್ಲಿ ನೀರು ಬೇರೆ. ನನಗೂ ಬಂತು. ತೌಡಿನ ಧೂಳು ಅಂತ ಮಾಸ್ತಪ್ಪಣ್ಣನಿಗೆ ಹೇಳಿದೆ.

ಇಂಜಿನ್ ನಿಂತಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಎಷ್ಟು ಸಲೀಸಾದ ಪ್ರಶ್ನೆ ಅಂದರೆ, ಇಷ್ಟು ಹೊತ್ತು ಹೊಳೆಯದ್ದಕ್ಕೆ ನನಗೇ ನಾಚಿಕೆಯಾಯಿತು.

“ಹೆಗಡೇರೇ, ತಿರುವಿ ಕೆತ್ತಿದ ನಕಲು ಇಂಜಿನ್ನಿಗೆ ಸರಿಯಾಗಿ ಕೂತಿದೆ. ಹಂಗಾದ್ರೆ ನಿಮ್ಮ ಅಸಲು ಈ ವಿಮಾನದ್ದಲ್ಲ.”

ಹರ್ಷ ಇಂಜಿನ್ನಿನ ಕಡೆ ತಿರುಗಿ ನೋಡಿದ.

“ತನ್ನದೇ ರೆಕ್ಕೆ ಹಾಕಿದ್ರೆ ವಿಮಾನ ಹಿಂದಕ್ಕೆ ಯಾಕೆ ಜಗ್ಗುತ್ತೆ? ಲಂಡನ್ನಿನವರು ನಿಮಗೆ ಯಾವುದರ ರೆಕ್ಕೆ ಕಳಿಸಿದ್ರು?”

ಹೆಗಡೆಯವರು ನೆಲ ನೋಡಿದರು. ಅಷ್ಟರಲ್ಲಿ ಶಿವರಾಮರು, ಕೆಲಸಗಾರನ ಕೈ ಸುಮ್ಮನಿರುವುದಿಲ್ಲವಲ್ಲ, ಹಳೆಯ ರೆಕ್ಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಟವೆಲಿನ ತುದಿಯಿಂದ ಗ್ರೀಸು ಒರೆಸುತ್ತಿದ್ದರು.

“ಮರ ನೋಡ್ದಾಗ್ಲೇ ನಮ್ಮ ಕಾಡಿನ ಶಿವನೆ ಥರ ಇದೆಯಲ್ಲ ಅನ್ನಿಸಿತ್ತು,” ಎಂದು ಅವರಷ್ಟಕ್ಕೆ ಅವರೇ ಅಂದರು. “ಪರದೇಶದಲ್ಲೂ ಇಂಥ ಮರ ಇರ್ಬಹುದು ಅಂದ್ಕೊಂಡು ನಾನೂ ಶಿವನೆಯಲ್ಲೇ ಮಾಡ್ದೆ. ಆದ್ರೆ ಇದು…”

ಟವೆಲು ಬಿಟ್ಟು ಹಿಂದಕ್ಕೆ ಸರಿದರು.

ನಾನು ಬಗ್ಗಿ ನೋಡಿದೆ. ಗ್ರೀಸಿನ ಅಡಿಯಲ್ಲಿ, ಕಪ್ಪಾದ ಮರದಲ್ಲಿ, ಅದೇ ಗಿಳಿ ಇತ್ತು. ಅದರ ಕೆಳಗೆ ಕನ್ನಡ ಅಂಕಿಯಲ್ಲಿ ೧೯೩೮.

“ಇದು ನಿಮ್ಮ ಕೆಲಸಾನಾ?” ತೀರ್ಥೇಶ್ ಗೊಂದಲದಲ್ಲಿ ಕೇಳಿದರು.

“ನನ್ನಜ್ಜಂದು,” ಎಂದರು ಶಿವರಾಮರು. “ಹೂವಯ್ಯ ಅಂತ. ಜೋಗದ ಹತ್ರ ಕೆಲಸಕ್ಕೆ ಬಂದಿದ್ದ ಯಾರೋ ಬಿಳಿ ದೊರೆ ಅಜ್ಜಂಗೆ ಒಂದು ಮರದ ರೆಕ್ಕೆ ಕೊಟ್ಟು, ಬಂಗಲೆ ಬಾಗಿಲಿಗೆ ಇದರ ಜೊತೆ ಇನ್ನೊಂದು ಮಾಡ್ಕೊಡು ಅಂದಿದ್ನಂತೆ. ಅಜ್ಜ ಎರಡನ್ನೂ ವಾಪಸ್ ಕೊಟ್ಟ. ಆಮೇಲೆ ಅಸಲು ಕಾಣಿಸ್ತಿಲ್ಲ, ಇವನೇ ಕದ್ದ ಅಂತ ಆರು ತಿಂಗಳು ಶಿವಮೊಗ್ಗದ ಜೈಲಿಗೆ ಹಾಕಿದ್ರು. ಬಂದ ಮೇಲೆ ಸಾಯೋತನಕ ಅಜ್ಜ ಉಳಿ ಮುಟ್ಲಿಲ್ಲ. ನಾನು ಚಿಕ್ಕವನಿದ್ದಾಗ ಜಗಲಿ ಮೇಲೆ ಸುಮ್ನೆ ಕೂತಿರೋನು. ಅದೆಂಥ ರೆಕ್ಕೆ ಅಂತ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಜೈಲಿನ ವಿಷಯ ನಾವು ಹೊರಗೆ ಯಾರಿಗೂ ಹೇಳ್ತಿರ್ಲಿಲ್ಲ. ನನ್ನ ಮಗಳಿಗೂ ಹೇಳಿಲ್ಲ.”

ಅಜ್ಜ ಅಸಲನ್ನು ತಿರುವಿ ಕೆತ್ತಿದ. ಮೊಮ್ಮಗ ಅಜ್ಜನದನ್ನು ತಿರುವಿ ಕೆತ್ತಿದ. ಹಾಗಾಗಿ ಮೊಮ್ಮಗನದ್ದು ಅಸಲಿನ ಹಾಗೇ ಬಂದು ಇಂಜಿನ್ನಿಗೆ ಕೂತಿತು. ಅಂದರೆ ಈ ವಿಮಾನ ಎಂಬತ್ತೇಳು ವರ್ಷದ ಹಿಂದೆ ಇಲ್ಲೇ ಇತ್ತು, ನಮ್ಮ ಈ ಮಣ್ಣಲ್ಲೇ.

“ಹೆಗಡೇರೇ,” ಎಂದೆ. “ಇದನ್ನ ನೀವು ಲಂಡನ್ನಿಂದ ತಂದಿಲ್ಲ.”

ಅವರು ವಿಮಾನದ ಬೆನ್ನ ಮೇಲೆ ಕೈ ಇಟ್ಟರು.

“ಇಲ್ಲ. ಆ ಕಂಟೇನರಲ್ಲಿ ಬಂದದ್ದು ಎರಡು ಹಳೇ ಕಾರು. ಜನ ಲಂಡನ್ ಅಂದ್ರು, ನನಗೂ ಅದೇ ಅನುಕೂಲ ಆಯ್ತು, ಸುಮ್ಮನಿದ್ದೆ. ವಿಮಾನ ಸಿಕ್ಕಿದ್ದು ತೀರ್ಥಹಳ್ಳಿ ಕಡೆ, ಕವಲೇದುರ್ಗದ ಬುಡದಲ್ಲಿ. ಒಬ್ಬರ ಉಗ್ರಾಣದಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಯಾರ ಹತ್ರ ಕೊಂಡೆ ಅಂತ ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಅಸಲು ರೆಕ್ಕೆ ಅವರ ಹತ್ರ ಇದೆಯಾ?”

“ಗೊತ್ತಿಲ್ಲ. ನನಗೆ ಕೊಟ್ಟಿದ್ದು ಇದೊಂದೇ.”

ತೀರ್ಥೇಶ್ ಕೈಯಲ್ಲಿದ್ದ ದೂರಿನ ಹಾಳೆಯನ್ನು ಎರಡಾಗಿ ಮಡಚಿದರು. “ಆಯ್ತಲ್ಲ ಗುಡಿಗಾರ್ರೇ, ನಿಮ್ಮ ಹೆಸರು ಉಳೀತು. ಮನೆಗೆ ಹೋಗಿ ಊಟ ಮಾಡಿ.”

“ನನ್ನದು ಉಳೀತು ಸಾರ್. ಅಜ್ಜಂದು?” ಶಿವರಾಮರು ಮಂಡಿಗೆ ಕೈ ಕೊಟ್ಟು ಎದ್ದರು. “ಪೆನ್ನು ತೆಗೀರಿ. ಇನ್ನೊಂದು ದೂರು ಬರ್ಕೊಳ್ಳಿ. ದೂರು ಕೊಡೋನು ನಾನು.”

“ಸಾವಿರದ ಒಂಬೈನೂರ ಮೂವತ್ತೆಂಟರ ಕೇಸಿಗಾ? ನಾನು ಎಲ್ಲಿಂದ ಸೆಕ್ಷನ್ ತರ್ಲಿ ಮಾರಾಯ್ರೇ! ಯಾರ ಮೇಲೆ ಅಂತ ಬರೀಲಿ?”

“ಹೆಗಡೇರು ಹೇಳ್ತಾರೆ.” ಶಿವರಾಮರು ಅವರ ಕಡೆ ತಿರುಗಿದರು. ಬೇಡುವ ದನಿಯಲ್ಲ, ಕೇಳುವ ದನಿ. “ಈಗಷ್ಟೇ ತಪ್ಪಾಯ್ತು ಅಂದ್ರಿ. ನಿಮಗೆ ವಿಮಾನ ಮಾರಿದೋರ ಹೆಸರು ಹೇಳಿ. ಅಸಲು ಆ ಮನೇಲಿದ್ರೆ ನನ್ನಜ್ಜ ಕಳ್ಳ ಅಲ್ಲ.”

ಹೆಗಡೆಯವರ ತುಟಿ ಅಲುಗಿತು. ಹೇಳಿಯೇ ಬಿಡುತ್ತಾರೆ ಅನ್ನಿಸಿತು.

“ತಮ್ಮಾ, ಹೇಳಡ!”

ಹೇಳಬೇಡ ಎಂದು ತಡೆದ ವೇದಾವತಿಯವರು ಗಿರಣಿಯ ಬಾಗಿಲಲ್ಲಿ ನಿಂತಿದ್ದರು. ಇಷ್ಟು ದಿನ ನನಗೆ ಕಷಾಯ ಕೊಟ್ಟು ನಗುತ್ತಿದ್ದ ಹೆಂಗಸಿನ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಹೆಸರು ಅವರಿಗೂ ಗೊತ್ತಿತ್ತು, ಅದು ಅವರಿಗೆ ತೀರಾ ಹತ್ತಿರದವರದ್ದೇ ಇರಬೇಕು ಅಂದುಕೊಂಡೆ. ಹೆಗಡೆಯವರು ಬಾಯಿ ಮುಚ್ಚಿದರು.

ಶಿವರಾಮರು ಅವರಿಬ್ಬರನ್ನೂ ನೋಡಿದರು. ಹತ್ತು ದಿನದಿಂದ ಬಗ್ಗಿಯೇ ಇದ್ದ ಆ ತಲೆ ಈಗ ಬಗ್ಗಲಿಲ್ಲ.

“ಬರ್ಕೊಳ್ಳಿ ಸಾರ್,” ಎಂದರು. “ಹೆಸರಿನ ಜಾಗ ಖಾಲಿ ಬಿಡಿ. ಅದನ್ನ ತುಂಬದೆ ನಾನು ಈ ಮನೆ ಮೆಟ್ಟಿಲು ಇಳಿಯಲ್ಲ.”